ಉಗುರಿನ ಅಂದವೂ ಸೋಂಕಿನ ಅಪಾಯವೂ

ಪುಣೆಯಿಂದ ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಕಾಪೂರಹೋಳ ಎಂಬ ಊರು ಸಿಗುತ್ತದೆ. ರಜೆಗೆಂದು ತವರಿಗೆ ತೆರಳುವ ಕನ್ನಡಿಗರಿಗೆ ಇದು ಅಪರಿಚಿತವಾದ ಹೆಸರಲ್ಲ. ಅಲ್ಲಿ ಬಲಕ್ಕೆ ಹೊರಳುವ ರಸ್ತೆಯು ಭೋರ್ ಪಟ್ಟಣವನ್ನು ಸೇರುತ್ತದೆ. 1948ರವರೆಗೆ ಪಂತಸಚಿವ ಮನೆತನದ ಸಂಸ್ಥಾನಕ್ಕೆ ರಾಜಧಾನಿಯಾಗಿದ್ದ ಈ ಪಟ್ಟಣವು ನೀರಾ ನದಿಯ ದಂಡೆಯಲ್ಲಿದೆ. ನೀರೆಯು ಭೀಮೆಯನ್ನು ಕೂಡಿ, ಭೀಮೆಯು ವಿಜಯಪುರ, ಕಲಬುರಗಿ ಸೀಮೆಗಳಲ್ಲಿ ಹರಿಯುವುದರಿಂದ ಭೋರಿನ ಮಳೆನೀರಿನಲ್ಲಿ ಕನ್ನಡ ನಾಡಿಗೂ ಪಾಲುಂಟು. ಸಹ್ಯಾದ್ರಿಯ ಮಗ್ಗುಲಿನ ಈ ತಾಲೂಕಿನಲ್ಲಿ ಬತ್ತದ ಬೇಸಾಯ ಬಹಳ. ಮಳೆಗಾಲದಲ್ಲಿ ನಾಟಿಗೆ ಇಳಿದ ಹೆಂಗಸರ ಕೈಕಾಲುಗಳು ಮುಂಜಾವಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನೆನೆಯುತ್ತವೆ. ಇಂಥ ಕೈಗಳಿಗೆ ಸುಲಭವಾಗಿ ತಗಲುವ ಬೇನೆಯೊಂದುಂಟು. ಉಗುರಿನ ಬುಡ ಕೆಂಪೇರಿ, ಬಾತು, ರಾತ್ರಿಯೆಲ್ಲ ಮಿಡಿಯುವ ಅದಕ್ಕೆ ಮರಾಠಿಯಲ್ಲಿ ನಖುರ್ಡೆ ಎಂದು ಹೆಸರು, ಕನ್ನಡದಲ್ಲಿ ಉಗುರುಸುತ್ತು.

ಗದ್ದೆಯ ಕೆಸರಿಗೂ ನಗರದ ಸೌಂದರ್ಯಾಲಯದಲ್ಲಿ ಪಾದ ಮುಳುಗಿಸುವ ಬೆಚ್ಚನೆಯ ಬೋಗುಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿರುವುದು ಉಗುರಿನ ರಚನೆಯಲ್ಲಿ. ಉಗುರು ಚರ್ಮದಿಂದ ಹೊರಬರುವ ಸ್ಥಳದಲ್ಲಿ ತೆಳುವಾದ ಪೊರೆಯೊಂದು ಅದಕ್ಕೆ ಅಂಟಿಕೊಂಡಿರುತ್ತದೆ. ನೋಡಲು ಸತ್ತ ಚರ್ಮದಂತೆ ಕಾಣುವ ಈ ಪೊರೆ ನಿಜವಾಗಿ ಒಂದು ಅರಗಿನ ಮುದ್ರೆ. ನೀರೂ ರೋಗಾಣುಗಳೂ ಉಗುರಿನ ಬೇರಿನತ್ತ ಇಳಿಯದಂತೆ ಅದು ತಡೆಯುತ್ತದೆ. ಕೆಸರು ಈ ಮುದ್ರೆಯನ್ನು ನೆನೆಸಿ ನೆನೆಸಿ ಬಿಚ್ಚುತ್ತದೆ. ಸೌಂದರ್ಯಾಲಯದಲ್ಲಿ ಅದನ್ನು ಅಂದಕ್ಕಾಗಿ ಕತ್ತರಿಸಿ ತೆಗೆಯುತ್ತಾರೆ. ಪುಣೆ, ಮುಂಬಯಿಗಳ ಉಡುಪಿ ಹೋಟೆಲುಗಳಲ್ಲಿ ದಿನವಿಡೀ ಪಾತ್ರೆ ತೊಳೆಯುವ ಹುಡುಗರ ಬೆರಳುಗಳಿಗೂ ಇದೇ ಅಪಾಯವುಂಟು. ಸದಾ ಒದ್ದೆಯಾಗಿರುವ ಕೈಗಳಲ್ಲಿ ಉಗುರುಸುತ್ತು ತಿಂಗಳುಗಟ್ಟಲೆ ಹಟ ಹಿಡಿದು ನಿಲ್ಲುತ್ತದೆ. ಕೈಯನ್ನು ಒಣದಾಗಿಡದೆ ಬರಿಯ ಮುಲಾಮಿನಿಂದ ಅದು ವಾಸಿಯಾಗದು.

ಒಮ್ಮೆಲೇ ಬಂದು ಕೀವು ಕಟ್ಟುವ ಬಗೆಯೇ ಬೇರೆ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸುವ ಮನೆಮದ್ದನ್ನು ಅರಿಯದ ಕನ್ನಡ ಮನೆ ವಿರಳ. ಅದರ ತಂಪಿನಿಂದ ಸ್ವಲ್ಪ ಹಾಯೆನಿಸಬಹುದು. ಆದರೆ ಒಳಗಿನ ಕೀವನ್ನು ನಿಂಬೆ ಹೊರತೆಗೆಯಲಾರದು. ವೈದ್ಯರು ಚಿಕ್ಕದೊಂದು ಗೀರಿನಿಂದ ಕೀವನ್ನು ಬಿಡಿಸಿದರೆ ನೋವು ಇಳಿಯುತ್ತದೆ. ಅಲಕ್ಷಿಸಿದರೆ ಸೋಂಕು ಬೆರಳಿನ ಮೂಳೆಗೂ ಹಬ್ಬೀತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಹಿಂದೆ ಕ್ಷೌರಿಕನ ಹಡಪದಲ್ಲಿ ಉಗುರು ತೆಗೆಯುವ ಪುಟ್ಟ ಉಳಿ ಇರುತ್ತಿತ್ತು, ಊರಿಗೆಲ್ಲ ಅದೊಂದೇ. ಇಂದು ಮಹಾನಗರಗಳಲ್ಲಷ್ಟೇ ಅಲ್ಲದೆ ತಾಲೂಕು ಪಟ್ಟಣಗಳಲ್ಲಿಯೂ ಸೌಂದರ್ಯಾಲಯಗಳು ತಲೆಯೆತ್ತಿವೆ. ಕುರ್ಚಿ ಮೆತ್ತಗಾಗಿದೆ, ಕನ್ನಡಿ ದೊಡ್ಡದಾಗಿದೆ. ಆದರೆ ಒಬ್ಬರ ಬೆರಳಿನ ರಕ್ತ ತಾಗಿದ ಕತ್ತರಿ ಹಾಗೆಯೇ ಇನ್ನೊಬ್ಬರ ಬೆರಳಿಗೆ ಹೋಗುವುದಾದರೆ ಹಳೆಯ ಉಳಿಗೂ ಇದಕ್ಕೂ ವ್ಯತ್ಯಾಸವೇನು? ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಕಡಿಮೆಯೆಂದರೂ 7 ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು.

ನೀರಿನ ಬೋಗುಣಿಯ ಕಥೆ 2000ದಲ್ಲಿ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬಯಲಾಯಿತು. ಒಂದೇ ಉಗುರಿನ ಅಂಗಡಿಗೆ ಹೋದ ನೂರಕ್ಕೂ ಹೆಚ್ಚು ಮಂದಿಯ ಮೊಣಕಾಲಿನ ಕೆಳಗೆ ಕುರುಗಳೆದ್ದವು. ಸಾಮಾನ್ಯ ಔಷಧಿಗೆ ಅವು ಬಗ್ಗಲಿಲ್ಲ, ತಿಂಗಳುಗಟ್ಟಲೆ ಕಾಡಿದವು. ಹುಡುಕಿದಾಗ ಸಿಕ್ಕಿದ್ದು ಕ್ಷಯದ ರೋಗಾಣುವಿನ ದೂರದ ಬಂಧುವಾದ ಮೈಕೋಬ್ಯಾಕ್ಟೀರಿಯಂ ಫಾರ್ಟುಯಿಟಮ್. ನೀರನ್ನು ಸುಳಿಯಾಗಿ ತಿರುಗಿಸುವ ಯಂತ್ರದ ಜಾಲರಿಯ ಹಿಂದೆ ಕೂದಲೂ ಚರ್ಮದ ಹೊಟ್ಟೂ ಸೇರಿಕೊಂಡಿದ್ದವು; ಅಲ್ಲಿ ಈ ಜೀವಿ ನೆಲೆಮಾಡಿತ್ತು. ಹೊರಗೆ ತೊಟ್ಟಿ ಥಳಥಳಿಸುತ್ತಿತ್ತೆಂಬುದರಿಂದ ಏನು ಪ್ರಯೋಜನ! ಅಲ್ಲಿಗೆ ಹೋಗುವ ಮೊದಲು ಕಾಲಿನ ಕೂದಲನ್ನು ಬ್ಲೇಡಿನಿಂದ ಬೋಳಿಸಿಕೊಂಡವರಿಗೆ ಅಪಾಯ ಹೆಚ್ಚಾಗಿತ್ತೆಂಬುದೂ ತಿಳಿಯಿತು. ಬ್ಲೇಡಿನ ಸೂಕ್ಷ್ಮ ಗೀರುಗಳೇ ರೋಗಾಣುವಿಗೆ ಬಾಗಿಲಾದವು.

ಹಾಗಾದರೆ ಉಪಕರಣ ಶುದ್ಧವಾಗುವುದು ಹೇಗೆ? ಮೊದಲು ಸಾಬೂನಿನ ನೀರಿನಲ್ಲಿ ಬ್ರಶ್ಶಿನಿಂದ ಉಜ್ಜಬೇಕು. ಕೊಳೆಯ ಕೆಳಗಿರುವ ಕ್ರಿಮಿಯನ್ನು ಯಾವ ಔಷಧವೂ ಮುಟ್ಟಲಾರದು. ಕುದಿಯುವ ನೀರು ಬಹುಪಾಲು ಕ್ರಿಮಿಗಳನ್ನು ಕೊಲ್ಲುತ್ತದೆಯಾದರೂ ಧನುರ್ವಾಯುವಿನಂಥ ರೋಗಗಳ ಬೀಜಾಣುಗಳನ್ನು ಪೂರ್ತಿ ನಾಶಮಾಡದು. ಅದಕ್ಕೆ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಲ್ಲಿ 15ರಿಂದ 20 ನಿಮಿಷ ಇಡುವ ಆಟೋಕ್ಲೇವ್ ಯಂತ್ರವೇ ಆಗಬೇಕು. ಅಡುಗೆಮನೆಯ ಪ್ರೆಶರ್ ಕುಕ್ಕರಿನ ತತ್ತ್ವವೇ ಅದು. ಸ್ಪಿರಿಟ್ಟು 70ರ ಪ್ರಮಾಣದಲ್ಲಿ ನೀರು ಬೆರೆತಾಗ ಅಪ್ಪಟ ಸ್ಪಿರಿಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂಬುದು ವಿಚಿತ್ರವೆನಿಸಿದರೂ ಸತ್ಯ. ನೀಲಿ ಬೆಳಕು ಬೀರುವ ಅತಿನೇರಳೆ ಪೆಟ್ಟಿಗೆಯೊಳಗೆ ಕತ್ತರಿಯನ್ನಿಟ್ಟು ನಂಬಿಸುವ ಪದ್ಧತಿ ಅನೇಕ ಕಡೆ ಇದೆ. ಬೆಳಕು ಬಿದ್ದ ಮೇಲ್ಮೈಗಷ್ಟೇ ಅದರ ಪ್ರಭಾವ. ಕೀಲಿನ ಸಂದಿಗೆ ಅದು ಇಳಿಯದು. ಮರದ ಕಡ್ಡಿ, ಮರಳು ಕಾಗದದ ಅರಗಳನ್ನು ತೊಳೆದು ಶುದ್ಧಗೊಳಿಸಲು ಬಾರದು. ಒಬ್ಬರಿಗೆ ಬಳಸಿ ಎಸೆಯುವುದೇ ಸರಿ, ಇಲ್ಲವೇ ಮನೆಯಿಂದ ಸ್ವಂತದ್ದನ್ನು ಕೊಂಡೊಯ್ಯಬೇಕು. ಹೀಗೆ ಕೊಂಡೊಯ್ಯಲು ಸಂಕೋಚಪಡುವವರುಂಟು. ಊರಿಗೆ ಹೊರಟಾಗ ಚೊಂಬು, ಚಾದರ ಹೊತ್ತು ರೈಲು ಹತ್ತುವ ಜನಕ್ಕೆ ಈ ಸಂಕೋಚವೇಕೋ ತಿಳಿಯದು.

ಮಧುಮೇಹಿಗಳ ವಿಷಯ ಇನ್ನೂ ಗಂಭೀರವಾದುದು. ಮದುವೆಯ ಸಡಗರದಲ್ಲಿ ಮಗಳೊಡನೆ ತಾಯಿಯನ್ನೂ ಸೌಂದರ್ಯಾಲಯಕ್ಕೆ ಕರೆದೊಯ್ಯುವುದು ಪ್ರೀತಿಯ ಮಾತೇ ಸರಿ. ಆದರೆ ಬಹುಕಾಲದ ಸಕ್ಕರೆಯ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ನೀರು ಸುಡುತ್ತಿರುವುದಾಗಲಿ, ಹಿಮ್ಮಡಿ ಕೆರೆಯುವ ಬ್ಲೇಡು ಆಳಕ್ಕೆ ಇಳಿದದ್ದಾಗಲಿ ಆ ತಾಯಿಗೆ ತಿಳಿಯದು. ರಕ್ತಸಂಚಾರವೂ ಕಡಿಮೆಯಾಗಿದ್ದಲ್ಲಿ ಆ ಚಿಕ್ಕ ಗಾಯ ಮಾಯದೆ ಕೊಳೆತು, ಬೆರಳನ್ನೋ ಪಾದವನ್ನೋ ತೆಗೆಯುವ ಹಂತಕ್ಕೆ ಹೋಗಬಹುದು. ಅಂಥವರ ಉಗುರನ್ನು ಮನೆಯಲ್ಲಿಯೇ, ಒಳ್ಳೆಯ ಬೆಳಕಿನಲ್ಲಿ, ಮೂಲೆಗಳನ್ನು ಒಳಕ್ಕೆ ಕೊರೆಯದೆ ನೇರವಾಗಿ ಕತ್ತರಿಸಬೇಕು. ಗಾಯವಾಗಲಿ ಊತವಾಗಲಿ ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು.

ಗಿರಾಕಿಗಳ ಕ್ಷೇಮದ ಮಾತಿನ ನಡುವೆ ಆ ಕುರ್ಚಿಯ ಮುಂದೆ ಕೆಳಗೆ ಕುಳಿತು ದಿನಕ್ಕೆ ಹಲವು ಜೋಡಿ ಪಾದಗಳನ್ನು ತೊಳೆಯುವ ಹುಡುಗಿಯನ್ನು ಯಾರೂ ನೆನೆಯುವುದಿಲ್ಲ. ಅವಳ ಕೈಗಳೂ ನಾಟಿಯವಳ ಕೈಗಳಂತೆಯೇ ಸದಾ ಒದ್ದೆ. ಕತ್ತರಿ ಜಾರಿದರೆ ಮೊದಲು ಗಾಯವಾಗುವುದು ಅವಳಿಗೇ. ಕೈಗವಸು ಅವಳಿಗೆ ಅಲಂಕಾರವಲ್ಲ. ಭಾರತದಲ್ಲಿ ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಶಿಶುಗಳ ಕಾರ್ಯಕ್ರಮಕ್ಕೆ ಸೇರಿದ್ದು 2011ರ ಹೊತ್ತಿಗೆ. ಅದಕ್ಕೆ ಮೊದಲು ಹುಟ್ಟಿದ ಅನೇಕರಿಗೆ ಅದು ದೊರೆತಿಲ್ಲ. ವಯಸ್ಕರು ಅದನ್ನು 3 ಬಾರಿ ಹಾಕಿಸಿಕೊಳ್ಳಬೇಕು: ಮೊದಲನೆಯದು ಇಂದು, ಎರಡನೆಯದು ತಿಂಗಳ ನಂತರ, ಮೂರನೆಯದು ಮೊದಲಿನದರಿಂದ 6 ತಿಂಗಳಿಗೆ. ಕೆಲಸಕ್ಕೆ ಇಟ್ಟುಕೊಂಡ ಮಾಲೀಕರೇ ಇದರ ವೆಚ್ಚವನ್ನು ವಹಿಸುವುದು ನ್ಯಾಯ.