ಟ್ರಾಕ್ಟರಿನ ಇಂಜಿನಿನಲ್ಲಿ ನೀರು ಕಡಮೆಯಾಗುವ ದೋಷವೂ ಅದರ ಪರೀಕ್ಷೆಯೂ

ರೇಡಿಯೇಟರಿಗೆ ದಿನವೂ ನೀರು ತುಂಬುತ್ತಿದ್ದರೂ ಅದು ಕಡಮೆಯಾಗುತ್ತಲೇ ಇದ್ದು, ನೆಲದ ಮೇಲೆ ಒಂದು ತೊಟ್ಟೂ ಕಾಣದಿರುವ ಟ್ರಾಕ್ಟರುಗಳೂ ಕಾರುಗಳೂ ಗ್ರಾಮಗಳಲ್ಲಿ ವಿರಳವಲ್ಲ. ಇಂತಹ ಸಂದರ್ಭದಲ್ಲಿ ಯಜಮಾನರು ಮೊದಲು ಶಂಕಿಸತಕ್ಕದ್ದು ಹೆಡ್ ಗ್ಯಾಸ್ಕೆಟ್ಟನ್ನು. ಸಿಲಿಂಡರ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಈ ತೆಳುವಾದ ಹಾಳೆಯು ಉರಿಯುವ ಅನಿಲ, ನೀರು, ಎಣ್ಣೆ ಈ ಮೂರೂ ತಂತಮ್ಮ ದಾರಿ ಬಿಟ್ಟು ಹೋಗದಂತೆ ತಡೆಯುವುದು.

ಇಂಜಿನು ಪೂರ್ಣವಾಗಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆಗೆದು ಚಾಲೂ ಮಾಡಿ ನೋಡಬೇಕು. ಮೊದಲು ಏಳುವ ನಾಲ್ಕಾರು ಗುಳ್ಳೆಗಳು ಒಳಗೆ ಸಿಕ್ಕಿದ್ದ ಗಾಳಿಯಿಂದಲೂ ಬರಬಹುದು. ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ ಸಿಲಿಂಡರಿನ ಅನಿಲವು ನೀರಿನೊಳಕ್ಕೆ ನುಗ್ಗುತ್ತಿದೆಯೆಂದು ಬಲವಾಗಿ ಊಹಿಸಬಹುದು. ಮೆಕ್ಯಾನಿಕ್ಕುಗಳಲ್ಲಿರುವ ನೀಲಿ ಪರೀಕ್ಷಾದ್ರವವು ಇಂತಹ ಅನಿಲ ತಗುಲಿದೊಡನೆ ಬಣ್ಣ ಬದಲಾಯಿಸುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಂಪ್ರೆಷನ್ ಇಳಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಇಂಜಿನನ್ನು ಆಗಲೇ ನಿಲ್ಲಿಸತಕ್ಕದ್ದು. ಆದರೆ ಎಣ್ಣೆಯ ಮುಚ್ಚಳದ ಅಡಿಯಲ್ಲಿ ಮಾತ್ರ ಬೆಳ್ಳಗಿನ ಜಿಡ್ಡಿದ್ದರೆ ಅದು ಅಲ್ಪದೂರ ಓಡಿಸುವ ಬಂಡಿಗಳಲ್ಲಿ ಇಬ್ಬನಿಯಂತೆ ಕಟ್ಟುವ ತೇವವೂ ಆಗಿರಬಹುದು. ಡೀಸೆಲ್ ಇಂಜಿನಿನಲ್ಲಿ ಬೆಳಗಿನ ಚಳಿಗೆ ಬರುವ ಬಿಳಿಯ ಹೊಗೆಯೂ ಬಹುಮಟ್ಟಿಗೆ ಉರಿಯದ ಎಣ್ಣೆಯೇ. ಅದೊಂದನ್ನೇ ನಂಬಿ ಹೆಡ್ಡನ್ನು ಬಿಚ್ಚಿಸಲಾಗದು.

ಗ್ಯಾಸ್ಕೆಟ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದೇ ದೊಡ್ಡ ನಷ್ಟಕ್ಕೆ ಕಾರಣ. ನಾನು ಸರ್ಕೀಟು ಹೋಗಿದ್ದ ಒಂದು ಗ್ರಾಮದಲ್ಲಿ ಜಮೀನ್ದಾರರೊಬ್ಬರ ಟ್ರಾಕ್ಟರಿಗೆ ಒಂದೇ ಮುಂಗಾರಿನಲ್ಲಿ ಎರಡು ಸಲ ಹೊಸ ಗ್ಯಾಸ್ಕೆಟ್ ಹಾಕಿದ್ದರು. ಮೂರನೆಯ ಸಲ ಬಿಚ್ಚಿ ಅಳೆಯಲಾಗಿ, ಒಂದು ಲೈನರು ಬ್ಲಾಕಿನ ಮಟ್ಟಕ್ಕಿಂತ ಕೆಳಗೆ ಕುಸಿದಿತ್ತು. ಅಷ್ಟರಲ್ಲಿ ಬಿತ್ತನೆಯ ಹದವೂ ಕಳೆದುಹೋಗಿತ್ತು.

ಆದುದರಿಂದ ಹೆಡ್ಡನ್ನು ಬಿಚ್ಚಿದಾಗ ಯಜಮಾನರು ತಾವೇ ಎದುರಿಗೆ ನಿಂತು, ಹೆಡ್ಡಿನ ಮೇಲೂ ಬ್ಲಾಕಿನ ಮೇಲೂ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇರಿಸಿ, ಅಡಿಯಲ್ಲಿ ಫೀಲರ್ ಗೇಜು ತೂರುವುದೋ ನೋಡಿಸಬೇಕು. ಅನೇಕ ಇಂಜಿನುಗಳಲ್ಲಿ 0.05ರಿಂದ 0.10 ಮಿಲಿಮೀಟರಿನಷ್ಟು ಸಂದಿಗೆ ಮಾತ್ರ ಅವಕಾಶವುಂಟು. ಆಯಾ ಯಂತ್ರದ ಪುಸ್ತಕದಲ್ಲಿರುವ ಅಳತೆಯೇ ಪ್ರಮಾಣ. ಲೈನರು ಎಷ್ಟು ಮೇಲೆದ್ದಿರಬೇಕೆಂಬುದೂ ಅಲ್ಲಿಯೇ ದೊರೆಯುವುದು. ಅಲ್ಯೂಮಿನಿಯಮ್ಮಿನ ಹೆಡ್ಡು ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಾಲು ಹಿಗ್ಗುವುದರಿಂದ ಅತಿಯಾಗಿ ಕಾದಾಗ ಬೇಗ ಸೊಟ್ಟಗಾಗುವುದು.

ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ತಿರುಗುವ ಉಜ್ಜುಬಿಲ್ಲೆಯಿಂದ ತೆಗೆಯಿಸಕೂಡದು. ಅದರ ಪುಡಿಯು ಎಣ್ಣೆಯೊಡನೆ ಸೇರಿ ಬೇರಿಂಗುಗಳನ್ನು ತಿನ್ನುವುದು. ಬೋಲ್ಟಿನ ರಂಧ್ರಗಳಲ್ಲಿ ನೀರಾಗಲಿ ಎಣ್ಣೆಯಾಗಲಿ ನಿಂತಿದ್ದರೆ ಬಿಗಿತದ ಅಳತೆ ತಪ್ಪುವುದಲ್ಲದೆ ಬ್ಲಾಕು ಸೀಳುವುದೂ ಉಂಟು. ಬೋಲ್ಟುಗಳನ್ನು ಪುಸ್ತಕದ ಕ್ರಮದಂತೆ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು. ಕೆಟ್ಟ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಾಯಿಸಿದ ಮೇಲೆಯೇ ಇಂಜಿನನ್ನು ಚಾಲೂ ಮಾಡತಕ್ಕದ್ದು.