ಯಂತ್ರ ಖರೀದಿಗೆ ಮುನ್ನ ಸರಾಸರಿಯ ಪರೀಕ್ಷೆ, ಕಾರ್ಮಿಕರಿಗೆ ತರಬೇತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದ ವ್ಯಾಪಾರಸ್ಥರಿಗೂ ಸಣ್ಣ ಉತ್ಪಾದಕರಿಗೂ ಯಂತ್ರವು ಹೊಸದಲ್ಲ. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಗಿರಣಿಗಳು, ರಾಮದುರ್ಗದ ಮಗ್ಗಗಳು, ಕಿತ್ತೂರು ಸೀಮೆಯ ಕಬ್ಬಿನ ವ್ಯವಹಾರ, ಸವದತ್ತಿಯ ಯಲ್ಲಮ್ಮನ ಗುಡ್ಡದ ಯಾತ್ರಾರ್ಥಿಗಳನ್ನು ನೆಚ್ಚಿದ ಕುಂಕುಮ-ಭಂಡಾರದ ವ್ಯಾಪಾರ ಇವೆಲ್ಲವೂ ಕೈಕೆಲಸ ಮತ್ತು ಯಂತ್ರಗಳ ಹೊಂದಾಣಿಕೆಯಲ್ಲಿಯೇ ಬೆಳೆದುಬಂದಿವೆ. ಹೊಸದೆಂದರೆ, ತಾನಾಗಿಯೇ ಮಾಲು ಉಣಿಸಿಕೊಳ್ಳುವ, ತಾನಾಗಿಯೇ ತೂಗುವ, ತಾನಾಗಿಯೇ ನಿಲ್ಲುವ ಯಂತ್ರ. ಕೇಂದ್ರ ಸರ್ಕಾರವು 2000ದಲ್ಲಿ ಆರಂಭಿಸಿದ ಹತ್ತಿ ತಂತ್ರಜ್ಞಾನ ಮಿಷನ್ ಅಡಿಯಲ್ಲಿ ದೇಶದ ಅನೇಕ ಜಿನ್ನಿಂಗ್ ಗಿರಣಿಗಳು ಆಧುನೀಕರಣಗೊಂಡು, ಹೊರೆ ಹೊತ್ತು ಹತ್ತಿ ಉಣಿಸುವ ಕೆಲಸ ಸಾಗಣೆ ಪಟ್ಟಿಗಳ ಪಾಲಾಯಿತು. 2017ರಲ್ಲಿ ಆರಂಭವಾದ ಪವರ್‌ಟೆಕ್ಸ್ ಇಂಡಿಯಾ ಯೋಜನೆಯಲ್ಲಿ, ನೂಲು ಹರಿದೊಡನೆ ನಿಲ್ಲುವ ಸಾಧನಗಳನ್ನು ಸಾದಾ ವಿದ್ಯುತ್ ಮಗ್ಗಗಳಿಗೆ ಜೋಡಿಸಲು ನೆರವು ದೊರೆಯಿತು.

ಇಂತಹ ಯಂತ್ರವನ್ನು ಕೊಳ್ಳುವ ನಿರ್ಧಾರ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ? ಮಾರಾಟಗಾರನು ಕೆಲವು ದಿನ ಪ್ರಾಯೋಗಿಕವಾಗಿ ಯಂತ್ರ ಓಡಿಸಿ ತೋರಿಸುತ್ತಾನೆ. ಸರಾಸರಿ ಉತ್ಪಾದನೆ ಮೊದಲಿಗಿಂತ ತುಸು ಹೆಚ್ಚು ಕಾಣುತ್ತದೆ. ಸಾಲದ ಅರ್ಜಿಗೆ ಸಹಿ ಬೀಳುತ್ತದೆ. ಹಲವು ವರ್ಷ ದುಡಿದ ಆಳುಗಳಿಗೆ ಬರುವ ಹಂಗಾಮಿಗೆ ಬರಬೇಡಿರೆಂದು ಹೇಳಲಾಗುತ್ತದೆ. ಆ ತುಸು ಹೆಚ್ಚಳವು ಯಂತ್ರದಿಂದ ಬಂದುದೋ, ಆಕಸ್ಮಿಕವೋ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬ ಮಾತು ನಮ್ಮಲ್ಲಿದೆ. ಒಂದೇ ಪಾತ್ರೆಯ ಅನ್ನಕ್ಕೆ ಅದು ಸರಿ. ಆದರೆ ಗಿರಣಿಯ ದಿನಗಳು ಒಂದೇ ಪಾತ್ರೆಯ ಅಗುಳುಗಳಲ್ಲ. ಹತ್ತಿಯ ತೇವಾಂಶ, ವಿದ್ಯುತ್ತಿನ ಸ್ಥಿತಿ, ಮಾಲಿನ ದರ್ಜೆ ಇವು ದಿನದಿನಕ್ಕೂ ಬದಲಾಗುತ್ತವೆ.

ಬಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಪರೀಕ್ಷೆ

ಈ ತೊಡಕಿಗೆ ಪರಿಹಾರ ದೊರೆತದ್ದು ಒಂದು ವ್ಯಾಪಾರಿ ಸಂಸ್ಥೆಯಲ್ಲಿಯೇ ಎಂಬುದು ಗಮನಾರ್ಹ. ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್ ಅವರ ಮುಂದಿದ್ದುದು ಕೆಲವೇ ಮಾದರಿಗಳಿಂದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಸಮಸ್ಯೆ. ಅವರು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದುಬಂದುದೇ ಇಂದು 'ಟಿ-ಪರೀಕ್ಷೆ' ಎಂದು ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ಓದುವ ವಿಧಾನ.

ಇದರ ತತ್ವ ಸರಳ. ಮೊದಲು, 'ಹೊಸ ಯಂತ್ರದಿಂದ ಸರಾಸರಿಯಲ್ಲಿ ಯಾವ ಬದಲಾವಣೆಯೂ ಆಗಿಲ್ಲ' ಎಂದು ಭಾವಿಸಿಕೊಳ್ಳಬೇಕು. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಆರೋಪ ರುಜುವಾತಾಗುವವರೆಗೆ ಆರೋಪಿಯನ್ನು ನಿರಪರಾಧಿ ಎಂದು ನ್ಯಾಯಾಲಯ ಭಾವಿಸುವಂತೆಯೇ ಇದು. ಬಳಿಕ, ಕಂಡುಬಂದಷ್ಟು ಹೆಚ್ಚಳ ಕೇವಲ ಆಕಸ್ಮಿಕವಾಗಿ ಬರುವ ಸಂಭವ ಎಷ್ಟೆಂದು ಲೆಕ್ಕ ಹಾಕಬೇಕು. ಆ ಸಂಭವ ಶೇ. 5ಕ್ಕಿಂತ ಕಡಿಮೆಯಿದ್ದರೆ ಹೆಚ್ಚಳವನ್ನು ನಿಜವೆಂದು ಒಪ್ಪುವುದು ರೂಢಿ.

ಜಿನ್ನಿಂಗ್ ಗಿರಣಿಯ ಒಂದು ಲೆಕ್ಕ

ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಗಿರಣಿಯಲ್ಲಿ ಕೈಯಿಂದ ಹತ್ತಿ ಉಣಿಸಿದಾಗ ಒಂದು ಜಿನ್ ತಾಸಿಗೆ ಸರಾಸರಿ 46 ಕಿಲೋ ಅರಳೆ ಕೊಡುತ್ತಿತ್ತು. ಸ್ವಯಂಚಾಲಿತ ಉಣಿಕೆಯ ಸಾಧನ ಜೋಡಿಸಿ 9 ದಿನ ಓಡಿಸಿದಾಗ ತಾಸಿಗೆ ಬಂದುದು ಕ್ರಮವಾಗಿ 49, 44, 52, 47, 45, 51, 48, 43 ಮತ್ತು 53 ಕಿಲೋ. ಒಟ್ಟು 432, ಸರಾಸರಿ 48. ಮಾರಾಟಗಾರನು 2 ಕಿಲೋ ಹೆಚ್ಚಳವೆಂದು ಬರೆದುಕೊಡುತ್ತಾನೆ.

ಈಗ ಏರಿಳಿತವನ್ನು ಅಳೆಯಬೇಕು. ಪ್ರತಿದಿನದ ಅಂಕಿಗೂ 48ಕ್ಕೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದರೆ 102. ಅದನ್ನು ದಿನಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ 3.57. ಇದನ್ನು 9ರ ವರ್ಗಮೂಲವಾದ 3ರಿಂದ ಭಾಗಿಸಿದರೆ ಮಾನಕ ದೋಷ 1.19. ಹೆಚ್ಚಳವಾದ 2 ಕಿಲೋವನ್ನು 1.19ರಿಂದ ಭಾಗಿಸಿದಾಗ ದೊರೆಯುವ 'ಟಿ' ಬೆಲೆ 1.68. ಹೆಚ್ಚಾಗಿದೆಯೇ ಎಂಬ ಒಂದೇ ದಿಕ್ಕಿನ ಪ್ರಶ್ನೆಗೆ, 9 ದಿನಗಳ ಮಾದರಿಗೆ, ಕೋಷ್ಟಕವು ಕೇಳುವ ಕನಿಷ್ಠ ಬೆಲೆ 1.86. ಹೆಚ್ಚಳ ರುಜುವಾತಾಗಲಿಲ್ಲ.

ರುಜುವಾತಾಗಲಿಲ್ಲ ಎಂದರೆ ಯಂತ್ರ ನಿಷ್ಪ್ರಯೋಜಕವೆಂದು ಅರ್ಥವಲ್ಲ; ಸಾಕ್ಷ್ಯ ಸಾಲದೆಂದು ಅರ್ಥ. ಇದೇ ಸರಾಸರಿ, ಇದೇ ಏರಿಳಿತ 36 ದಿನ ಕಂಡುಬಂದರೆ ಮಾನಕ ದೋಷ ಸುಮಾರು 0.6ಕ್ಕೆ ಇಳಿದು 'ಟಿ' ಬೆಲೆ 3.36ಕ್ಕೆ ಏರುತ್ತದೆ; ಆಗ ಹೆಚ್ಚಳವನ್ನು ಒಪ್ಪಬಹುದು. ಆದ್ದರಿಂದ ಮಾರಾಟಗಾರನಲ್ಲಿ ಕೇಳಬೇಕಾದ ಮೊದಲ ರಿಯಾಯತಿ ಬೆಲೆಯದ್ದಲ್ಲ, ಪ್ರಯೋಗದ ಅವಧಿಯದ್ದು.

ಹೆಚ್ಚಳ ರುಜುವಾತಾದ ಮೇಲೂ ಲೆಕ್ಕ ಮುಗಿಯುವುದಿಲ್ಲ. ತಾಸಿಗೆ 2 ಕಿಲೋ, ದಿನಕ್ಕೆ 10 ತಾಸು, ಹಂಗಾಮಿಗೆ 100 ದಿನ ಎಂದರೆ ಒಂದು ಜಿನ್‌ಗೆ 2,000 ಕಿಲೋ. ಆದರೆ ಇದು ಹತ್ತಿಯಿಂದ ಬಂದ ಹೆಚ್ಚಿನ ಇಳುವರಿಯಲ್ಲ; ಅದೇ ಕೆಲಸ ಬೇಗ ಮುಗಿದದ್ದು ಮಾತ್ರ. ಮಾರುಕಟ್ಟೆಗೆ ಹತ್ತಿಯ ಆವಕ ಕಡಿಮೆಯಾದ ವರ್ಷ ಆ ವೇಗದಿಂದ ಬರುವ ಆದಾಯ ಶೂನ್ಯ. ಸಾಲದ ಕಂತು ಮಾತ್ರ ನಿಲ್ಲದು.

ಹೋಲಿಕೆ ಸಮಾನವಾಗಿರಲಿ

ಸೂತ್ರವು ಸರಿಯಿದ್ದರೂ ಹೋಲಿಕೆ ತಪ್ಪಿದರೆ ಫಲ ತಪ್ಪುತ್ತದೆ. ಕಿತ್ತೂರು ಭಾಗದ ಕಬ್ಬಿನ ಕಟಾವನ್ನೇ ನೋಡಬಹುದು. ಕಟಾವು ಯಂತ್ರಕ್ಕೆ ಸಾಲುಗಳ ಅಂತರ ಹೆಚ್ಚಿರುವ ಸಮತಟ್ಟಾದ ಹೊಲ ಬೇಕು. ಅಂತಹ ಹೊಲಗಳನ್ನೆಲ್ಲ ಯಂತ್ರಕ್ಕೆ ಬಿಟ್ಟು, ಬಿದ್ದ ಕಬ್ಬಿನ ಇಕ್ಕಟ್ಟಾದ ಹೊಲಗಳನ್ನು ಆಳುಗಳ ತಂಡಕ್ಕೆ ಕೊಟ್ಟು ಎರಡರ ಸರಾಸರಿಯನ್ನು ಹೋಲಿಸಿದರೆ ಅಳತೆಗೆ ಸಿಗುವುದು ಹೊಲದ ಗುಣವೇ ಹೊರತು ಯಂತ್ರದ ಗುಣವಲ್ಲ. ಜಿನ್ನಿಂಗ್‌ನಲ್ಲಿಯೂ ಕಳೆದ ಹಂಗಾಮಿನ ಸರಾಸರಿಯೊಡನೆ ಹೋಲಿಸುವುದಕ್ಕಿಂತ, ಒಂದೇ ರಾಶಿಯ ಹತ್ತಿಯನ್ನು ಎರಡು ಪಾಲು ಮಾಡಿ ಅದೇ ದಿನ ಎರಡೂ ವಿಧಾನಗಳಲ್ಲಿ ಓಡಿಸುವುದು ಉತ್ತಮ.

ಸವದತ್ತಿಯಲ್ಲಿ ಕುಂಕುಮ-ಭಂಡಾರವನ್ನು ಪೊಟ್ಟಣ ಕಟ್ಟಿ ಮಾರುವವರಿಗೆ ಸರಾಸರಿಯ ಪರೀಕ್ಷೆ ಕಾನೂನಿನ ವಿಷಯವೂ ಹೌದು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಪಾಸಣೆಗೆ ತೆಗೆದ ಮಾದರಿಯ ಸರಾಸರಿ ನಿವ್ವಳ ತೂಕವನ್ನೂ ನೋಡಲಾಗುತ್ತದೆ. ತುಂಬುವ ಯಂತ್ರ ತಂದವರು ದಿನಕ್ಕೆ ಕೆಲವು ಪೊಟ್ಟಣಗಳನ್ನು ತೂಗಿ ಬರೆದಿಡುವ ರೂಢಿ ಮಾಡಿಕೊಂಡರೆ ಕೊರತೆಯ ದಂಡದಿಂದಲೂ, ಹೆಚ್ಚು ತುಂಬುವ ನಷ್ಟದಿಂದಲೂ ಪಾರಾಗಬಹುದು. ಕೈಯಿಂದ ತುಂಬುತ್ತಿದ್ದವರೇ ಈ ತೂಕದ ಪುಸ್ತಕಕ್ಕೆ ತಕ್ಕ ಜನ.

ತರಬೇತಿಗೂ ಅದೇ ತಕ್ಕಡಿ

ಯಂತ್ರಕ್ಕೆ ಹಿಡಿದ ತಕ್ಕಡಿಯನ್ನೇ ತರಬೇತಿಗೂ ಹಿಡಿಯಬೇಕು. ರಾಮದುರ್ಗದ ಒಂದು ವಿದ್ಯುತ್ ಮಗ್ಗದ ಘಟಕದಲ್ಲಿ 8 ನೇಕಾರರಿಗೆ ಹೊಸ ಸಾಧನಗಳ ಬಗ್ಗೆ ತರಬೇತಿ ಕೊಡಲಾಯಿತೆಂದು ಭಾವಿಸೋಣ. ಒಂದು ಪಾಳಿಯಲ್ಲಿ ಮಗ್ಗ ನಿಂತ ನಿಮಿಷಗಳು ತರಬೇತಿಯ ನಂತರ ಒಬ್ಬೊಬ್ಬರಲ್ಲಿ 12, 5, 9, 14, 7, 3 ಮತ್ತು 8ರಷ್ಟು ಕಡಿಮೆಯಾದವು. ಒಬ್ಬರಲ್ಲಿ ಮಾತ್ರ 2 ನಿಮಿಷ ಹೆಚ್ಚಿತು. ಸರಾಸರಿ ಉಳಿತಾಯ 7 ನಿಮಿಷ. ಮಾನಕ ವಿಚಲನೆ 5.07, ಮಾನಕ ದೋಷ 1.79, 'ಟಿ' ಬೆಲೆ 3.91. ಕೋಷ್ಟಕ ಕೇಳುವುದು 1.895. ಇಲ್ಲಿ ಕೇವಲ 8 ಜನರ ಲೆಕ್ಕದಲ್ಲಿಯೇ ಫಲ ರುಜುವಾತಾಯಿತು. ಕಾರಣ, ಪ್ರತಿಯೊಬ್ಬರನ್ನೂ ಅವರ ಹಿಂದಿನ ಕೆಲಸದೊಡನೆಯೇ ಹೋಲಿಸಲಾಗಿದೆ.

ಆದರೆ ಆ ಒಬ್ಬ ನೇಕಾರನನ್ನು ಮರೆಯಬಾರದು. ಸರಾಸರಿಯು ತಂಡದ ವಿಷಯ ಹೇಳುತ್ತದೆ, ವ್ಯಕ್ತಿಯದ್ದನ್ನಲ್ಲ. ದೃಷ್ಟಿ ಮಂದವಾಗಿದೆಯೋ, ಮಗ್ಗವೇ ಕೆಟ್ಟಿದೆಯೋ, ಬೋಧನೆ ಅರ್ಥವಾಗಿಲ್ಲವೋ ಎಂದು ಬಳಿಗೆ ಹೋಗಿ ವಿಚಾರಿಸುವುದು ಮಾಲೀಕನ ಕರ್ತವ್ಯ.

ಯಾವ ತಪ್ಪು ದುಬಾರಿ?

ಇಂತಹ ನಿರ್ಧಾರದಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ. ಫಲವಿಲ್ಲದ ಯಂತ್ರವನ್ನು ಫಲವಿದೆಯೆಂದು ಕೊಳ್ಳುವುದು ಮೊದಲನೆಯದು. ಫಲವಿರುವ ಯಂತ್ರವನ್ನು ಸಾಕ್ಷ್ಯ ಸಾಲದೆಂದು ಬಿಡುವುದು ಎರಡನೆಯದು. ಎರಡನೆಯದನ್ನು ಮುಂದಿನ ಹಂಗಾಮಿನಲ್ಲಿ ಬಹುಮಟ್ಟಿಗೆ ತಿದ್ದಿಕೊಳ್ಳಬಹುದು. ಮೊದಲನೆಯದನ್ನು ತಿದ್ದುವುದು ಕಷ್ಟ. ಕೆಲಸ ಕಳೆದುಕೊಂಡು ಹುಬ್ಬಳ್ಳಿಗೋ ಗೋವೆಗೋ ಹೋದ ನುರಿತ ಆಳು, ಯಂತ್ರ ಕೈಕೊಟ್ಟ ದಿನ ಕರೆದರೆ ಬರುವುದಿಲ್ಲ.

ಕಾನೂನಿನ ಹೊಣೆಯೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕಾರ್ಮಿಕರ ಕಡಿತಕ್ಕೆ ಎಡೆಗೊಡಬಹುದಾದ ಯಂತ್ರ ಸುಧಾರಣೆಗೆ ಸಾಮಾನ್ಯವಾಗಿ 21 ದಿನಗಳ ಮುಂಚಿತ ಸೂಚನೆ ಬೇಕು. ಒಂದು ವರ್ಷದ ನಿರಂತರ ಸೇವೆಯುಳ್ಳ ಕಾರ್ಮಿಕನನ್ನು ಕಡಿತಗೊಳಿಸುವಾಗ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಇದಲ್ಲದೆ ಕಾರ್ಮಿಕರ ಮರುಕೌಶಲ ನಿಧಿಗೆ ಮಾಲೀಕನು 15 ದಿನಗಳ ಕೊನೆಯ ವೇತನದಷ್ಟು ಮೊತ್ತ ತುಂಬಬೇಕು. ಅದು ಕಡಿತಗೊಂಡ 45 ದಿನಗಳೊಳಗೆ ಆ ಕಾರ್ಮಿಕನ ಖಾತೆಗೆ ಜಮೆಯಾಗಬೇಕು. ಯಂತ್ರದ ಬೆಲೆಪಟ್ಟಿಯಲ್ಲಿ ಈ ಮೊತ್ತಗಳು ಇರುವುದಿಲ್ಲ. ಯೋಜನಾ ವರದಿಯಲ್ಲಿ ಇರಲೇಬೇಕು.

ಕೆಲಸದಿಂದ ತೆಗೆದ ಮೇಲೆ ಮರುಕೌಶಲಕ್ಕೆ ಹಣ ತುಂಬುವುದಕ್ಕಿಂತ, ಯಂತ್ರ ಬರುವ ಮುನ್ನವೇ ಕೆಲಸ ಕಲಿಸುವುದು ಮಿತವ್ಯಯದ ದಾರಿ. ಹತ್ತಿ ಉಣಿಸುತ್ತಿದ್ದ ಮಹಿಳೆಗೆ ಕಸ-ಕಡ್ಡಿ, ತೇವಾಂಶ, ಎಳೆಯ ಗುಣ ಕೈಯಿಂದಲೇ ಗೊತ್ತು. ತೇವಾಂಶ ಮಾಪಕ ಹಿಡಿಯುವುದನ್ನೂ, ದರ್ಜೆ ಬರೆಯುವುದನ್ನೂ ಕಲಿಸಿದರೆ ಆಕೆಯ ಅನುಭವ ಗಿರಣಿಯಲ್ಲಿಯೇ ಉಳಿಯುತ್ತದೆ. ಹಂಗಾಮು ಇಲ್ಲದ ತಿಂಗಳುಗಳು ಇದಕ್ಕೆ ಸೂಕ್ತ ಕಾಲ. ಒಬ್ಬ ಮಾಲೀಕನಿಗೆ ಭಾರವೆನಿಸುವ ತರಬೇತಿಯ ವೆಚ್ಚವನ್ನು ನಾಲ್ಕೂ ಊರುಗಳ ಘಟಕಗಳು ಕೂಡಿ ಹಂಚಿಕೊಳ್ಳಬಹುದು.

ಇದಕ್ಕೆಲ್ಲ ಬೇಕಾದುದು ದೊಡ್ಡ ಬಂಡವಾಳವಲ್ಲ. ದಿನಾಂಕ, ಮಾಲು, ತಾಸು, ಉತ್ಪಾದನೆ, ನಿಂತ ಸಮಯ ಎಂಬ ಐದು ಅಂಕಣಗಳ ಒಂದು ನೋಂದಣಿ ಪುಸ್ತಕ. ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ 'ಟಿ-ಪರೀಕ್ಷೆ'ಗೆ ಕೆಲವೇ ನಿಮಿಷ ಸಾಕು. ಪ್ರತಿ ರೂಪಾಯಿಗೂ ಚೀಟಿ ಕೇಳುವ ವ್ಯಾಪಾರಸ್ಥನು, ಆಳುಗಳ ಅನ್ನದ ವಿಷಯದಲ್ಲಿ ಒಂಬತ್ತು ದಿನಗಳ ಸರಾಸರಿಗೂ ಚೀಟಿ ಕೇಳಲಿ. ಬರುವ ಹಂಗಾಮಿಗೆ ಮುನ್ನವೇ ಆ ಪುಸ್ತಕದ ಮೊದಲ ಪುಟ ತೆರೆಯಲಿ.