ಕುಕ್ಕರ್ ಕೂಗುವಷ್ಟರಲ್ಲಿ ಹಣ ಮಾಯ!

ಬೆಳಿಗ್ಗೆ ಹನ್ನೊಂದು ಗಂಟೆ. ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ ಹೋಗಿಯಾಗಿದೆ. ಒಲೆಯ ಮೇಲೆ ಕುಕ್ಕರ್ ಎರಡು ಸಲ ಕೂಗಿದೆ. ಅಷ್ಟರಲ್ಲಿ ಫೋನು. ‘ಮೇಡಂ, ಬ್ಯಾಂಕಿನಿಂದ ಮಾತಾಡ್ತಿದೀವಿ. ನಿಮ್ಮ ಕ್ರೆಡಿಟ್ ಕಾರ್ಡ್ ಇವತ್ತೇ ಬ್ಲಾಕ್ ಆಗುತ್ತೆ. ಈಗ ಮೊಬೈಲ್‌ಗೆ ಬಂದಿರೋ ನಂಬರ್ ಹೇಳಿ, ಸರಿ ಮಾಡ್ತೀವಿ.’ ನಿಮ್ಮ ಹೆಸರು, ವಿಳಾಸ ಎಲ್ಲ ಸರಿಯಾಗೇ ಹೇಳುತ್ತಾರೆ. ಗಡಿಬಿಡಿಯಲ್ಲಿ ನೀವು ಆ ನಂಬರ್ ಹೇಳಿಬಿಡುತ್ತೀರಿ. ಕುಕ್ಕರ್ ಮೂರನೇ ಸಲ ಕೂಗುವಷ್ಟರಲ್ಲಿ ಹಣ ಮಾಯ!

ನಿಮ್ಮ ಹೆಸರು, ವಿಳಾಸ ಗೊತ್ತಿದ್ದವರೆಲ್ಲ ಬ್ಯಾಂಕಿನವರಲ್ಲ. ಮಾಲ್‌ನಲ್ಲಿ ಲಕ್ಕಿ ಡಿಪ್‌ಗೆಂದು ತುಂಬಿದ ಚೀಟಿ, ಎಲ್ಲೋ ಕೊಟ್ಟ ಆಧಾರ್ ಝೆರಾಕ್ಸ್‌ನಿಂದಲೂ ಅವು ಸಿಗುತ್ತವೆ. ಆದರೆ ಒಟಿಪಿ ಬೀರುವಿನ ಬೀಗದ ಕೈ ಇದ್ದಂತೆ. ಅದನ್ನು ನೀವೇ ಕೊಡದೆ ಕಳ್ಳನ ಕೆಲಸ ಸುಲಭವಾಗದು.

ಹಾಗಾದರೆ ಏನು ಮಾಡಬೇಕು?

* ಒಟಿಪಿ, ಪಿನ್, ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಅನುಮಾನ ಬಂದರೆ ಫೋನ್ ಇಟ್ಟು, ಕಾರ್ಡಿನ ಮೇಲಿರುವ ಬ್ಯಾಂಕಿನ ನಂಬರಿಗೆ ನೀವೇ ಕರೆ ಮಾಡಿ.

* ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಹಳೆಯ ಸೋಫಾ ಮಾರುವಾಗ ‘ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ’ ಎಂದರೆ ಅದು ಮೋಸವೇ.

* ‘ಕರೆಂಟ್ ಬಿಲ್ ಬಾಕಿ ಇದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದರೆ ಹಾಕಿಕೊಳ್ಳಬೇಡಿ. ನಿಮ್ಮ ಮೊಬೈಲ್ ಪರದೆಯನ್ನು ಅವರು ಅಲ್ಲಿಂದಲೇ ನೋಡುವಂತೆ ಮಾಡುವ ಆ್ಯಪ್‌ಗಳಿವೆ.

* ಆನ್‌ಲೈನ್ ಮತ್ತು ವಿದೇಶಿ ವಹಿವಾಟನ್ನು ಬೇಡವಾದಾಗ ಬಂದ್ ಮಾಡುವ, ಮಿತಿ ಹಾಕುವ ಸೌಲಭ್ಯವನ್ನು 2020ರಿಂದ ಬ್ಯಾಂಕುಗಳು ಕೊಡುತ್ತಿವೆ. ಬಳಸಿಕೊಳ್ಳಿ.

* ಆಧಾರ್ ಕೊಡುವಾಗ ಸಾಧ್ಯವಾದಷ್ಟೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಕೊಡಿ. ಯಾವ ಕೆಲಸಕ್ಕೆ ಕೊಟ್ಟಿರಿ ಎಂದು ಅದರ ಮೇಲೆ ಬರೆದು ಸಹಿ ಹಾಕಿ.

ಇಷ್ಟೆಲ್ಲ ಎಚ್ಚರವಿದ್ದರೂ ಒಮ್ಮೊಮ್ಮೆ ಎಡವುತ್ತೇವೆ. ಓದಿದವರು, ಕೆಲಸಕ್ಕೆ ಹೋಗುವವರೂ ಎಡವಿದ್ದಾರೆ. ಆಗ ನಾವು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತೆ? ‘ಯಜಮಾನರು ಬೈತಾರೆ, ಅತ್ತೆ ಏನಂತಾರೋ’ ಎಂದು ಸುಮ್ಮನಿರುವುದು. ನೀವು ಸಂಜೆಯವರೆಗೆ ಅಳುತ್ತಾ ಕೂತರೆ, ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕೈತಪ್ಪಿ ಹೋಗುತ್ತದೆ.

ಆದ್ದರಿಂದ ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ತಡೆಹಿಡಿಯುವ ಪ್ರಯತ್ನ ನಡೆಯುತ್ತದೆ. ಜೊತೆಗೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ. ಒಟಿಪಿ ನೀವೇ ಹೇಳಿದ್ದರೂ, ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿತ್ತು. ದೂರಿನ ಸಂಖ್ಯೆಯನ್ನು ಮರೆಯದೆ ಬರೆದಿಟ್ಟುಕೊಳ್ಳಿ.

1930 ಎಂದು ಬರೆದು ಇವತ್ತೇ ಫ್ರಿಜ್ ಬಾಗಿಲಿಗೆ ಅಂಟಿಸಿ. ಬೈಗುಳ ಸಂಜೆಗೂ ತಿನ್ನಬಹುದು, ಹಣ ಮಾತ್ರ ಈಗಲೇ ತಡೆಯಬೇಕು, ಅಲ್ಲವೇ?